ಆಚೆ ದಡದಲ್ಲಿ ಒಬ್ಬರು

ಜಲಜಾಕ್ಷಿ ಗಂಡನನ್ನು ಕಾಫಿಗೆ ಕರೆಯುವುದು ಮಿಸ್ಡ್ ಕಾಲ್ ಕೊಟ್ಟು. ಅಡುಗೆಮನೆಯಲ್ಲಿ ಅವಳು ತನ್ನ ಮೊಬೈಲು ಒತ್ತಿದರೆ ಹಾಲ್‌ನಲ್ಲಿ ಕೂತ ಸುಂದರ ಶೆಟ್ಟರ ಅಂಗಿಯ ಕಿಸೆಯಲ್ಲಿ ಅವರದು ನಡುಗುತ್ತದೆ. ಶೆಟ್ಟರು ಎದೆ ಮುಟ್ಟಿಕೊಂಡು ಟಿವಿಯ ಮುಂದಿನಿಂದ ಎದ್ದು ಬರುತ್ತಾರೆ. ಒಮ್ಮೆ ನಡುಗಿ ನಿಂತರೆ ಕಾಫಿ, ಎರಡು ಸಲ ನಡುಗಿದರೆ ಊಟ, ನಿಲ್ಲದೆ ನಡುಗುತ್ತಿದ್ದರೆ ಬಾಗಿಲಿಗೆ ಯಾರೋ ಬಂದಿದ್ದಾರೆ. ಮಂಗಳೂರಿನ ಅತ್ತಾವರದ ಆ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ ಗಂಡ ಹೆಂಡತಿಯ ಸಂಸಾರ ಹೀಗೆ ಸದ್ದಿಲ್ಲದೆ ನಡೆದುಕೊಂಡು ಬಂದಿತ್ತು.

ಶೆಟ್ಟರ ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದವು. ಕಿವಿಗೆ ಮಿಷನ್ ಹಾಕಿಸುವ ಎಂದು ಮಗ ವಿನೀತ್ ಹೇಳಿದಾಗಲೆಲ್ಲ ಅವರು, "ಹೋಟೆಲಿನ ಪಾತ್ರೆಯ ಸದ್ದು ಕೇಳಿ ಕೇಳಿ ದಣಿದ ಕಿವಿ ಮಾರಾಯ, ಈಗ ಸ್ವಲ್ಪ ರಜೆ ತಗೊಳ್ಳಲಿ," ಎನ್ನುತ್ತಿದ್ದರು. ಹೋಟೆಲನ್ನು ಈಗ ವಿನೀತನೇ ನೋಡಿಕೊಳ್ಳುತ್ತಿದ್ದ. ರಜೆ ಕಿವಿಗೆ ಮಾತ್ರವಲ್ಲ, ಶೆಟ್ಟರಿಗೂ ಸಿಕ್ಕಿತ್ತು.

ಮಳೆ ಸುರುವಾದ ಒಂದು ದಿನ ಜಲಜಾಕ್ಷಿಯ ಅಣ್ಣನ ಮಗಳು ಮನ್ವಿತಾ ಫೋನು ಮಾಡಿದಳು.

"ಮಾಮಿ, ನಾಳೆ ಕಂಕನಾಡಿಗೆ ಬರ್ಲಿಕ್ಕೆ ಆಗ್ತದಾ? ನಿಮ್ಮಿಂದ ಒಂದು ಕೂಗು ಬೇಕಿತ್ತು."

"ಎಂತ ಕೂಗು?"

"ಗದ್ದೆಯ ಆಚೆ ಕರೆಯುವ ಕೂಗು. ಅಕ್ಕಮ್ಮ ಕರೀತಾಳಲ್ಲ, ಕಡೆಗೆ. ಅದು."

ಜಲಜಾಕ್ಷಿಗೆ ತಕ್ಷಣ ಗೊತ್ತಾಯಿತು. ಮನ್ವಿತಾ ತನ್ನ ಗೆಳೆಯರನ್ನು ಕಟ್ಟಿಕೊಂಡು ಒಂದು ಸಿನಿಮಾ ಮಾಡುತ್ತಿದ್ದಳು. ಹಾಡಿಲ್ಲದ, ಹೊಡೆದಾಟವಿಲ್ಲದ, ಸುಂದರ ಶೆಟ್ಟರ ಮಾತಿನಲ್ಲಿ ಹೇಳುವುದಾದರೆ 'ಇಂಟರ್‌ವೆಲ್ಲಿನಲ್ಲಿ ಚರ್ಮುರಿ ತಿನ್ನಲಿಕ್ಕೂ ಮನಸ್ಸು ಬಾರದ' ಸಿನಿಮಾ. ಕಥೆ ಅವಳದ್ದಲ್ಲ, 'ಕಟ್ಟಪುಣಿ' ಎಂಬ ಹಳೆಯ ಕಾದಂಬರಿಯದ್ದು. ಎರಡು ಗದ್ದೆಗಳ ನಡುವೆ ಜನ ನಡೆದಾಡುವ ಅಗಲವಾದ ಬದುವಿಗೆ ಕಟ್ಟಪುಣಿ ಎನ್ನುತ್ತಾರೆ. ಕಾದಂಬರಿ ಜಲಜಾಕ್ಷಿಯ ಊರಿನ ಶಾಲೆಯಲ್ಲಿದ್ದ ಟೀಚರೊಬ್ಬರು ಬರೆದದ್ದು. ಅವರು ಆ ಒಂದೇ ಪುಸ್ತಕ ಬರೆದು ತೀರಿಕೊಂಡಿದ್ದರು. ಜಲಜಾಕ್ಷಿ ಮದುವೆಯಾಗಿ ಮಂಗಳೂರಿಗೆ ಬರುವಾಗ ಸೀರೆಗಳ ನಡುವೆ ಮಡಚಿಟ್ಟು ತಂದದ್ದು ಆ ಪುಸ್ತಕವನ್ನು. ಕಾಲೇಜಿಗೆ ಹೋಗುತ್ತಿದ್ದ ಮನ್ವಿತಾಳ ಕೈಗೆ ಅದನ್ನು ಕೊಟ್ಟದ್ದೂ ಅವಳೇ. ಹಾಗಾಗಿ ಸಿನಿಮಾದಲ್ಲಿ ತನ್ನದೂ ಒಂದು ಪಾಲು ಇದೆಯೆಂಬ ಸಣ್ಣ ಹೆಮ್ಮೆ ಅವಳಿಗೆ ಇತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ.

ಕಥೆ ದೊಡ್ಡದಲ್ಲ. ಅಕ್ಕಮ್ಮ, ಅವಳ ಮಗಳು ಚೆನ್ನು, ಇಬ್ಬರೇ ಸಾಗಿಸುವ ಗದ್ದೆ. ಭತ್ತದ ನೇಜಿ ನೆಡುವುದು, ಕಳೆ ಕೀಳುವುದು, ಒಬ್ಬಳು ಸಿಟ್ಟಾದರೆ ಇನ್ನೊಬ್ಬಳು ದನದ ಹಟ್ಟಿಗೆ ಹೋಗಿ ಕೂತುಕೊಳ್ಳುವುದು. ಕಡೆಗೆ ಚೆನ್ನು ಪೇಟೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೊರಡುತ್ತಾಳೆ. ಜಗಳವಿಲ್ಲ, ಕಣ್ಣೀರಿಲ್ಲ. ಸಂಜೆಯ ಬಸ್ಸಿಗೆ ಮಗಳು ಕಟ್ಟಪುಣಿಯ ಮೇಲೆ ನಡೆದು ಹೋಗುತ್ತಿದ್ದಾಳೆ. ತಾಯಿ ಅಂಗಳದ ತುದಿಯಲ್ಲಿ ನಿಂತಿದ್ದಾಳೆ. ಪುಸ್ತಕದ ಕೊನೆಯ ಸಾಲುಗಳು ಜಲಜಾಕ್ಷಿಗೆ ಬಾಯಿಗೇ ಬರುತ್ತಿದ್ದವು: 'ಅಕ್ಕಮ್ಮ ಮೂರು ಬಾರಿ ಕರೆದಳು. ಮೂರನೆಯದಕ್ಕೆ ಚೆನ್ನು ತಿರುಗಿ ನೋಡಿದಳು.'

"ಮೂರನೆಯದಕ್ಕೆ ಯಾಕೆ ಮಾಮಿ? ಮೊದಲ ಎರಡು ಸಲ ಅವಳಿಗೆ ಸಿಟ್ಟಾ?" ಎಂದು ಮನ್ವಿತಾ ಸ್ಕ್ರಿಪ್ಟ್ ಬರೆಯುವಾಗ ಕೇಳಿದ್ದಳು.

"ಸಿಟ್ಟೆಂತದ್ದು. ಸೂರ್ಯ ಕಂತುವ ಹೊತ್ತಿಗೆ ಹಿಂದಿನಿಂದ ಯಾರಾದರೂ ಕರೆದರೆ ಒಂದೇ ಸಲಕ್ಕೆ ಓಗೊಡಬಾರದು. ಕುಲೆ, ಪ್ರೇತ ಎಲ್ಲ ಒಮ್ಮೆ ಮಾತ್ರ ಕರೆಯುವುದಂತೆ. ಸತ್ತವರಿಗೆ ಅಷ್ಟೇ ಉಸಿರು. ಮೂರು ಸಲ ಕರೆದರೆ ಅದು ನಮ್ಮವರೇ, ಜೀವ ಇರುವವರೇ ಅಂತ ಲೆಕ್ಕ. ಸಣ್ಣದಿರುವಾಗ ನಮಗೆಲ್ಲ ಹೇಳಿಕೊಟ್ಟದ್ದು ಹಾಗೆ. ನಿನ್ನ ಮಾಮನೂ ಹಾಗೆಯೇ ಬೆಳೆದವರು, ಕೇಳಿ ನೋಡು."

ಮನ್ವಿತಾ ಅದನ್ನು ಹಾಗೆಯೇ ಚಿತ್ರೀಕರಿಸಿದ್ದಳು. ತೊಂದರೆಯಾದದ್ದು ಕರೆಯಲ್ಲಿ.

ಕಂಕನಾಡಿ ಮಾರ್ಕೆಟ್ಟಿನ ಹಿಂದೆ, ಒಂದು ಬೇಕರಿಯ ಮೇಲೆ ಮೆಲ್ವಿನ್‌ನ ಸ್ಟುಡಿಯೋ. ಮೆಲ್ವಿನ್ ಸಿನಿಮಾಕ್ಕೆ ಸದ್ದು ಕೂಡಿಸುವವನು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆ. ಒಳಗೆ ಹೊಕ್ಕ ಕೂಡಲೇ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ಪರದೆಯ ಮೇಲೆ ಗದ್ದೆ ಬಂತು, ಬದು ಬಂತು, ಸಣ್ಣ ಪೆಟ್ಟಿಗೆ ಹಿಡಿದು ದೂರ ಹೋಗುವ ಹುಡುಗಿ ಬಂದಳು. ಅಕ್ಕಮ್ಮ ಬಾಯಿ ತೆರೆದಳು. ಸದ್ದಿಲ್ಲ. ಮೈಸೂರಿನ ಕಡೆಯ ಒಳ್ಳೆಯ ನಾಟಕದ ನಟಿ, ಮುಖದಲ್ಲಿ ಎಲ್ಲವನ್ನೂ ತಂದಿದ್ದಳು.

"ಅವರು ಕೂಗಿದ್ದಾರೆ ಮಾಮಿ, ಆ ಸದ್ದನ್ನು ನಾವೇ ತೆಗೆದುಹಾಕಿದ್ದು," ಎಂದಳು ಮನ್ವಿತಾ. "ಎಷ್ಟು ಸಲ ಮಾಡಿದ್ರೂ ಆಟೋ ಕರೆದ ಹಾಗೇ ಉಂಟು. ಪುಸ್ತಕದಲ್ಲಿ 'ಕರೆದಳು' ಅಂತ ಬರೆದರೆ ಆಯ್ತು, ಓದುವವರಿಗೆ ಅವರವರ ಅಮ್ಮನ ಸ್ವರ ಕೇಳ್ತದೆ. ಸಿನಿಮಾದಲ್ಲಿ ಹಾಗೆ ಬಚಾವಾಗ್ಲಿಕ್ಕೆ ಆಗುದಿಲ್ಲ. ಕರೆಯಲೇಬೇಕು."

"ಅದಕ್ಕೆ ನಾನಾ?"

"ಅಜ್ಜಿಯ ಮಗಳಲ್ವಾ ನೀವು."

ಅಜ್ಜಿಯೆಂದರೆ ಜಲಜಾಕ್ಷಿಯ ತಾಯಿ ಗುಣವತಿ. ಅವಳ ಕೂಗು ಊರಿಗೇ ಪ್ರಸಿದ್ಧವಾಗಿತ್ತು. ಸಂಜೆ ಅಂಗಳದ ತುದಿಗೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಕರೆದರೆ ಗದ್ದೆ ದಾಟಿ, ತೋಡು ದಾಟಿ, ಶಾಲೆಯ ಮೈದಾನದಲ್ಲಿ ಆಡುತ್ತಿದ್ದ ಮಕ್ಕಳಿಗೆ ಮುಟ್ಟುತ್ತಿತ್ತು. ಒಂದೇ ಉಸಿರಿನಲ್ಲಿ ದೊಡ್ಡ ಮಗನಿಂದ ಸುರುಮಾಡಿ ಕೊನೆಯವಳ ತನಕ ಎಲ್ಲರ ಹೆಸರೂ ಹಾಡಿನ ಹಾಗೆ ಬರುತ್ತಿತ್ತು. ಕೊನೆಯ ಹೆಸರು ಜಲಜಾಕ್ಷಿಯದು. ಅದನ್ನು ತಾಯಿ ಉದ್ದಕ್ಕೆ ಎಳೆದು ಬಿಡುತ್ತಿದ್ದಳು. ನೀನು ಮದುವೆಯಾಗಿ ಹೋದ ಮೇಲೂ ಕೆಲವು ಕಾಲ ಅಮ್ಮ ಅದೇ ರೂಢಿಯಲ್ಲಿ ಕರೆಯುತ್ತ ಬಂದು, ನಿನ್ನ ಹೆಸರಿಗೆ ಬಂದಾಗ ಕೆಮ್ಮಿ ನಿಲ್ಲಿಸುತ್ತಿದ್ದಳು ಎಂದು ಅಣ್ಣ ಒಮ್ಮೆ ಹೇಳಿದ್ದ.

ಜಲಜಾಕ್ಷಿ ಮೈಕಿನ ಮುಂದೆ ನಿಂತಳು. ಗಂಟಲು ಸರಿಮಾಡಿಕೊಂಡಳು. ಪರದೆಯಲ್ಲಿ ಅಕ್ಕಮ್ಮ ಬಾಯಿ ತೆರೆದಾಗ ಅವಳೂ ತೆರೆದಳು.

"ಚೆನ್ನೂ..."

ಹಾಲು ಉಕ್ಕುತ್ತಿದೆ, ಸ್ವಲ್ಪ ಗ್ಯಾಸ್ ಸಣ್ಣ ಮಾಡು ಎಂದು ಕೆಲಸದವಳಿಗೆ ಹೇಳುವ ಸ್ವರ.

"ಆಂಟಿ, ಸ್ವಲ್ಪ ಜೋರು," ಎಂದ ಮೆಲ್ವಿನ್, ಗಾಜಿನ ಆಚೆಯಿಂದ.

ಇನ್ನೊಮ್ಮೆ. ಈ ಸಲ ಉಕ್ಕಿದ ಹಾಲು ಒಲೆಗೆ ಚೆಲ್ಲಿತು, ಅಷ್ಟೇ. ಮತ್ತೂ ಒಮ್ಮೆ ಪ್ರಯತ್ನಿಸಿದಾಗ ಕೆಮ್ಮು ಬಂತು. ಮೆಲ್ವಿನ್ ನೀರು ತಂದುಕೊಟ್ಟ. "ಟೆನ್ಶನ್ ಬೇಡ ಆಂಟಿ. ಮೊನ್ನೆ ಒಬ್ಬರು ಪ್ರೊಫೆಸರ್ ಬಂದಿದ್ರು, ನಾಯಿ ಓಡಿಸುವ ಒಂದು ಸದ್ದು ಮಾಡ್ಲಿಕ್ಕೆ. ನಾಯಿಗೆ ಪಾಠ ಮಾಡಿ ಹೋದ್ರು," ಎಂದ. ಅವಳು ನಕ್ಕಳು. ನೀರಿನ ಲೋಟ ಕೆಳಗಿಟ್ಟು ಹೊರಗೆ ಬಂದಳು.

ಹೊರಗೆ ಬೆಂಚಿನಲ್ಲಿ ಪೇಪರು ಓದುತ್ತಿದ್ದ ಸುಂದರ ಶೆಟ್ಟರು ತಲೆಯೆತ್ತಿ, "ಸುರು ಆಯ್ತಾ?" ಎಂದು ಕೇಳಿದರು.

"ಮುಗಿಯಿತು," ಎಂದಳು ಜಲಜಾಕ್ಷಿ.

ಮೆಟ್ಟಿಲಿಳಿಯುವಾಗ ಮನ್ವಿತಾ ಅತ್ತೆಯ ತೋಳು ಹಿಡಿದುಕೊಂಡಳು. ಸಿನಿಮಾವನ್ನು ಒಂದು ಚಿತ್ರೋತ್ಸವಕ್ಕೆ ಕಳುಹಿಸಬೇಕಿತ್ತು, ಇನ್ನು ಒಂದು ವಾರ ಇತ್ತು. "ಆಗದಿದ್ರೆ ಬಿಡಿ ಮಾಮಿ. ಅಲ್ಲಿ ಒಂದು ಪಿಟೀಲು ಹಾಕ್ತೇನೆ."

"ಅಕ್ಕಮ್ಮನ ಬಾಯಿಗೆ ಪಿಟೀಲಾ?" ಜಲಜಾಕ್ಷಿ ನಿಂತುಬಿಟ್ಟಳು. "ಜೀವಮಾನ ಇಡೀ ಗದ್ದೆಯಲ್ಲಿ ದುಡಿದ ಹೆಂಗಸು, ಕಡೆಗೆ ಪಿಟೀಲು ಬಾರಿಸ್ತಾಳಾ? ಒಂದು ವಾರ ಇದೆಯಲ್ಲ. ನೋಡುವ."

ಹೇಳಿದ್ದೇನೋ ಆಯಿತು. ಮನೆಗೆ ಬಂದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಾಗ ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಸಿನಿಮಾದ್ದಲ್ಲ. ಮನೆಯೊಳಗೆ ಎಲ್ಲೋ ಇಟ್ಟಿದ್ದೇನೆ, ಬೇಕಾದಾಗ ತೆಗೆದರಾಯಿತು ಎಂದುಕೊಂಡಿದ್ದ ಒಂದು ವಸ್ತು ಹುಡುಕಿದರೆ ಅಲ್ಲಿ ಇಲ್ಲವೆಂದು ತಿಳಿದಾಗ ಆಗುವ ಹೆದರಿಕೆ.

ಯಾವಾಗ ಹೋಯಿತು ಅದು? ಯಾರೂ ಅವಳ ಬಾಯಿ ಮುಚ್ಚಿಸಿರಲಿಲ್ಲ. ಮದುವೆಯಾಗಿ ಬಂದಾಗ ಮನೆ ಹೋಟೆಲಿನ ಮೇಲಿತ್ತು. ಮೊದಲ ದಿನವೇ ಅವಳು ಮೇಲಿನಿಂದ ನಾದಿನಿಯನ್ನು ಕರೆದದ್ದಕ್ಕೆ ಕೆಳಗೆ ಊಟ ಮಾಡುತ್ತಿದ್ದ ಗಿರಾಕಿಗಳೆಲ್ಲ ತಲೆಯೆತ್ತಿ ನೋಡಿದ್ದರು. ಅತ್ತೆ ನಗುತ್ತ, "ಮೆಲ್ಲ ಮಗಾ, ಇಲ್ಲಿ ಗದ್ದೆ ಇಲ್ಲ," ಎಂದಿದ್ದರು. ಪ್ರೀತಿಯಿಂದಲೇ. ಆಮೇಲೆ ವಿನೀತ್ ಹುಟ್ಟಿದ, ಮಗು ಮಲಗಿದೆ, ಮೆಲ್ಲ. ಮಾವನವರಿಗೆ ಹುಷಾರಿಲ್ಲ, ಮೆಲ್ಲ. ಈ ಫ್ಲ್ಯಾಟಿಗೆ ಬಂದ ಮೇಲೆ ಪಕ್ಕದ ಬಾಗಿಲಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಹಗಲು ನಿದ್ದೆ ಮಾಡುವ ನರ್ಸುಗಳು, ಪಾಪ, ಮೆಲ್ಲ. ಎಲ್ಲರೂ ಒಂದೊಂದು ಒಳ್ಳೆಯ ಕಾರಣ ಕೊಟ್ಟಿದ್ದರು. ಅವಳು ಪ್ರತಿ ಕಾರಣಕ್ಕೂ ಒಂದಿಷ್ಟು ಸ್ವರ ಇಳಿಸಿ ಇಳಿಸಿ, ಇಳಿಸಲು ಏನೂ ಉಳಿಯದಾದಾಗ ಗಂಡನ ಕಿವಿ ಹೋಗಿತ್ತು. ಆಗ ಸಿಕ್ಕಿದ್ದು ಈ ಮಿಸ್ಡ್ ಕಾಲ್ ಉಪಾಯ. ಎಷ್ಟು ಸುಲಭ ಎಂದು ಇಬ್ಬರೂ ಖುಷಿಪಟ್ಟಿದ್ದರು.

ಮರುದಿನ ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ಸುರುಮಾಡಿದಳು. ಆ ಗದ್ದಲದ ಮರೆಯಲ್ಲಿ ಧೈರ್ಯ ಮಾಡಿ, "ಚೆನ್ನೂ..." ಎಂದಳು. ಇನ್ನೂ ಸ್ವಲ್ಪ ಜೋರಾಗಿ, "ಓ ಚೆನ್ನೂ..." ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಿಕ್ಸಿ ನಿಂತಿತು, ಅವಳ ಬಾಯಿ ನಿಲ್ಲಲಿಲ್ಲ. ಕ್ಷಣದಲ್ಲಿ ಕೆಳಗಿನಿಂದ ವಾಚ್‌ಮನ್ ಫೋನು ಮಾಡಿದ. "ಅಮ್ಮ, ಎಂತ ಆಯ್ತು? ಬೆಕ್ಕು ಸಿಕ್ಕಿಹಾಕಿಕೊಂಡಿತಾ?"

"ಹೌದು," ಎಂದಳು ಜಲಜಾಕ್ಷಿ. ಬೇರೆ ಏನು ಹೇಳುವುದು.

ಹಾಲ್‌ಗೆ ಇಣುಕಿ ನೋಡಿದಳು. ಶೆಟ್ಟರು ಕರೆಂಟು ಹೋದ ಟಿವಿಯನ್ನೇ ನೋಡುತ್ತ ಕೂತಿದ್ದರು. ಆರು ಮಹಡಿ ಕೆಳಗಿನ ವಾಚ್‌ಮನ್‌ಗೆ ಕೇಳಿದ್ದು ಆರು ಹೆಜ್ಜೆ ಆಚೆಗಿನ ಗಂಡನಿಗೆ ಕೇಳಿದ ಹಾಗೆ ಕಾಣಲಿಲ್ಲ. ಅವಳಿಗೆ ನಗು ಬಂತು. ಆಮೇಲೆ ಯಾಕೋ ನಗು ಅರ್ಧದಲ್ಲೇ ನಿಂತಿತು.

ಆ ವಾರ ಮಳೆಗಾಲದ ಒಣಮೀನಿಗೆಂದು ಇಬ್ಬರೂ ಬಂದರ್‌ಗೆ ಹೋದರು. ಮೀನುಗಾರಿಕೆಗೆ ರಜೆಯ ತಿಂಗಳು. ದಕ್ಕೆಯ ಉದ್ದಕ್ಕೂ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಇಂಜಿನ್ನುಗಳ ಸದ್ದಿಲ್ಲ, ಐಸಿನ ಲಾರಿಗಳಿಲ್ಲ. ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಆಚೆ ದಡ ಬೆಂಗ್ರೆ. ಜನರನ್ನು ದಾಟಿಸುವ ಫೆರಿ ಬೋಟು ಮಾತ್ರ ಆಗೊಮ್ಮೆ ಈಗೊಮ್ಮೆ ಹೋಗಿ ಬರುತ್ತಿತ್ತು.

ಟಾರ್ಪಾಲಿನ ಕೆಳಗೆ ಒಣಮೀನು ಹರಡಿಕೊಂಡು ಕೂತಿದ್ದ ಶರೀಫಾ ಜಲಜಾಕ್ಷಿಗೆ ಹಳೆಯ ಪರಿಚಯ. ಒಣ ಸಿಗಡಿ ತೂಗುತ್ತ ತೂಗುತ್ತ ಅವಳು ಹೊಳೆಯ ಕಡೆಗೇ ಕಣ್ಣಿಟ್ಟಿದ್ದಳು.

"ಯಾರನ್ನು ನೋಡುದು ಶರೀಫಾ?"

"ನನ್ನ ತಂಗಿ ಸುಹರಾ, ಅಕ್ಕ. ಕೊಡೆ ತರ್ತೇನೆ ಅಂತ ಹೇಳಿ ಮನೆಯಲ್ಲೇ ಕೂತಿದ್ದಾಳೆ. ಫೋನ್ ಮಾಡಿದ್ರೆ ಎತ್ತುದಿಲ್ಲ. ಎತ್ತಿದ್ರೆ ಕೆಲಸ ಹೇಳ್ತೇನೆ ಅಂತ ಗೊತ್ತುಂಟಲ್ಲ."

ತಕ್ಕಡಿ ಕೆಳಗಿಟ್ಟು ಶರೀಫಾ ಎದ್ದು ದಕ್ಕೆಯ ಅಂಚಿಗೆ ಹೋದಳು. ಹೋದವಳು ಕೂಗಲಿಲ್ಲ, ಸುಮ್ಮನೆ ನಿಂತಳು. ಆಚೆ ದಡದಲ್ಲಿ ನೀಲಿ ಬಟ್ಟೆಯ ಒಂದು ಚುಕ್ಕೆ ಕಾಣಿಸಿಕೊಂಡ ಮೇಲೆ ಬಾಯಿ ತೆರೆದಳು. ತಂಗಿಯ ಹೆಸರು ನೀರಿನ ಮೇಲೆ ಜಾರಿಕೊಂಡು ಹೋಯಿತು. ತುಸು ಹೊತ್ತಿಗೆ ಆಚೆಯಿಂದ ಒಂದು ಸಿಟ್ಟಿನ "ಓ..." ಬಂತು. ಶರೀಫಾ ಬಂದು ತಕ್ಕಡಿ ಎತ್ತಿಕೊಂಡಳು. "ನೋಡಿ, ಈಗ ತಪ್ಪಿಸಿಕೊಳ್ಳಿಕ್ಕೆ ಆಗುದಿಲ್ಲ."

ಜಲಜಾಕ್ಷಿ ಸಿಗಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಹಾಗೆಯೇ ನಿಂತಳು. ಅವಳ ಮನಸ್ಸಿನಲ್ಲಿ ಕೂಗಲ್ಲ, ಕೂಗಿಗಿಂತ ಮೊದಲು ಶರೀಫಾ ಸುಮ್ಮನೆ ನಿಂತದ್ದು ಉಳಿದಿತ್ತು. ಅವಳು ಕಾದದ್ದು ನೀಲಿ ಚುಕ್ಕೆಗೆ. ಅಮ್ಮನೂ ಹಾಗೆಯೇ ಅಲ್ಲವೇ, ಅಂಗಳದ ತುದಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಮೊದಲು ಮಕ್ಕಳೆಲ್ಲಿ ಎಂದು ಕಣ್ಣಲ್ಲಿ ಹುಡುಕುತ್ತಿದ್ದಳು. ತಾನು ಕರೆದದ್ದು ಯಾರನ್ನು? ಒಮ್ಮೆ ಸ್ಪಂಜಿನ ಗೋಡೆಯನ್ನು, ಒಮ್ಮೆ ಚಟ್ನಿಯನ್ನು. ಇನ್ನೊಂದು ವಿಷಯವೂ ಅವಳಿಗೆ ಅಲ್ಲಿಯೇ ಹೊಳೆಯಿತು. ಅಮ್ಮನ ಕೂಗು ತನಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿದ್ದಳು. ಆದರೆ ಅದನ್ನು ಅವಳು ಕೇಳಿದ್ದು ಯಾವಾಗಲೂ ಮೈದಾನದ ಕಡೆಯಿಂದ. ಅಂಗಳದ ತುದಿಯಲ್ಲಿ ಅವಳು ಒಮ್ಮೆಯೂ ನಿಂತಿರಲಿಲ್ಲ.

ಕಾರಿನ ಹತ್ತಿರ ಬಂದ ಕೂಡಲೇ ಮನ್ವಿತಾಳಿಗೆ ಫೋನು ಮಾಡಿದಳು. "ಆ ಹುಡುಗನಿಗೆ ಹೇಳು, ಅವನ ಮೈಕು ಹೊತ್ತುಕೊಂಡು ನಾಳೆ ಸಂಜೆ ಬಂದರ್‌ಗೆ ಬರಲಿ."

ಮರುದಿನ ಸಂಜೆ ಮಳೆ ನಿಂತು ಹೊಳವು ಕೊಟ್ಟಿತ್ತು. ಮೆಲ್ವಿನ್ ಹೆಗಲಿಗೆ ಪೆಟ್ಟಿಗೆ ನೇತುಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಉದ್ದ ಕೋಲಿನ ತುದಿಯ ಮೈಕಿಗೆ ಪ್ಲಾಸ್ಟಿಕ್ಕು ಸುತ್ತಿ ತಯಾರಾದ. ಬೋಟುಗಳಿಗೆ ರಜೆಯಿದ್ದದ್ದು ಅವನಿಗೆ ಖುಷಿ. "ಬೇರೆ ತಿಂಗಳಾದ್ರೆ ಇಲ್ಲಿ ಸ್ವಂತ ಸ್ವರವೇ ಕೇಳುದಿಲ್ಲ ಆಂಟಿ. ಫೆರಿ ಆಚೆ ಮುಟ್ಟಿ ಇಂಜಿನ್ ಬಂದ್ ಮಾಡಿದ ಕೂಡಲೇ ಸುರು ಮಾಡುವ."

"ಆಚೆ ದಡದಲ್ಲಿ ಒಬ್ಬರು ನಿಲ್ಲಬೇಕು," ಎಂದಳು ಜಲಜಾಕ್ಷಿ.

"ನಾನು ಹೋಗ್ತೇನೆ ಮಾಮಿ."

"ನೀನಲ್ಲ. ಇವರು ಹೋಗಲಿ."

ಮನ್ವಿತಾ ಸುಂದರ ಶೆಟ್ಟರ ಕಡೆ ನೋಡಿ ಸ್ವರ ತಗ್ಗಿಸಿದಳು. "ಮಾಮನಿಗೆ ಕೇಳ್ತದಾ?"

"ಕೇಳಬೇಕು. ಅವರಿಗೆ ಕೇಳದಿದ್ದರೆ ಅದು ಕರೆಯೇ ಅಲ್ಲ."

"ಮೈಕಿಗೆ ಕೇಳಿದ್ರೆ ಸಾಕು ಆಂಟಿ," ಎಂದ ಮೆಲ್ವಿನ್.

"ಅಕ್ಕಮ್ಮ ಮೈಕನ್ನು ಕರೆದದ್ದಲ್ಲ ಮಗಾ."

ಶೆಟ್ಟರ ಕಿವಿಯ ಹತ್ತಿರ ಬಾಯಿ ತಂದು ಮನ್ವಿತಾ ಎಲ್ಲವನ್ನೂ ವಿವರಿಸಿದಳು. ಆಚೆ ದಡದಲ್ಲಿ ಈ ಕಡೆಗೆ ಬೆನ್ನು ಹಾಕಿ ನಿಲ್ಲಬೇಕು. ನೀವೇ ಚೆನ್ನು. ಕೇಳಿದರೆ ತಿರುಗಿ ಕೊಡೆ ಎತ್ತಿ. ಶೆಟ್ಟರು ದಿಬ್ಬಣಕ್ಕೆ ಹೊರಟವರ ಹಾಗೆ ಅಂಗಿ ಸರಿಮಾಡಿಕೊಂಡರು. "ಚೆನ್ನುವಿಗೆ ಸೀರೆ ಉಡುವುದು ಬೇಡವಾ?"

"ಚೆನ್ನುವಿಗೆ ಹೊಟ್ಟೆ ಇರಲಿಲ್ಲ. ನೀವು ಮೊದಲು ಅದೊಂದು ಒಳಗೆ ಎಳೆದುಕೊಳ್ಳಿ," ಎಂದು ಜಲಜಾಕ್ಷಿ ಕೈಚಾಚಿದಳು. "ಮೊಬೈಲು ಇಲ್ಲಿ ಕೊಡಿ."

ಅವರು ಕಿಸೆಯಿಂದ ಫೋನು ತೆಗೆದುಕೊಟ್ಟರು. ಬಹಳ ಕಾಲದ ನಂತರ ಇಬ್ಬರ ನಡುವೆ ಆ ನಡುಕ ಇಲ್ಲವಾಯಿತು.

ಫೆರಿ ಹೋಯಿತು. ಇಂಜಿನ್ ನಿಂತಿತು. ಇಳಿದ ಜನ ಚದುರಿದ ಮೇಲೆ ಚೌಕುಳಿ ಅಂಗಿಯ ಒಂದು ಬೆನ್ನು ಮಾತ್ರ ಉಳಿಯಿತು. ಪಶ್ಚಿಮದ ಮೋಡದ ಅಂಚಿನಲ್ಲಿ ಸ್ವಲ್ಪ ಕೆಂಪು. ಮೆಲ್ವಿನ್ ಬೆರಳೆತ್ತಿದ.

"ಚೆನ್ನೂ..."

ಸ್ಟುಡಿಯೋಕ್ಕಿಂತ ಪರವಾಗಿಲ್ಲ, ಆದರೆ ದಕ್ಕೆಗೆ ಕಟ್ಟಿದ ಬೋಟುಗಳನ್ನು ದಾಟುವಷ್ಟರಲ್ಲಿ ಸ್ವರ ಸೋತುಹೋಯಿತು. ಬೆನ್ನು ಅಲುಗಲಿಲ್ಲ.

ಅವಳು ಉಸಿರೆಳೆದುಕೊಂಡಳು. "ಓ ಚೆನ್ನೂ..."

ಇದು ನೀರಿಗೆ ಇಳಿಯಿತು. ನಡುಹೊಳೆಯ ತನಕವಾದರೂ ಹೋಗಿರಬೇಕು. ಆಚೆ ಶೆಟ್ಟರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ತಿರುಗಲಿಲ್ಲ.

ಜಲಜಾಕ್ಷಿ ಆ ಬೆನ್ನನ್ನೇ ನೋಡಿದಳು. ಹೋಟೆಲಿನ ಗಲ್ಲೆಯಲ್ಲಿ ಒಂದೇ ಪಕ್ಕಕ್ಕೆ ವಾಲಿ ಕೂತು ಕೂತು ತಗ್ಗಿದ ಎಡಹೆಗಲು. ತಾನೇ ಕಾಲರು ತಿರುಗಿಸಿ ಇಸ್ತ್ರಿ ಹಾಕಿಕೊಟ್ಟ ಅಂಗಿ. ಎಷ್ಟು ಸಣ್ಣದಾಗಿ ಕಾಣುತ್ತಾರೆ ಇಲ್ಲಿಂದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರನ್ನು ಇಷ್ಟು ದೂರದಿಂದ ಅವಳು ನೋಡಿಯೇ ಇರಲಿಲ್ಲ. ನಿಜವಾಗಿಯೂ ಕೇಳುತ್ತಿಲ್ಲವೇ? ಇನ್ನು ಯಾವತ್ತೂ ಕೇಳುವುದಿಲ್ಲವೇ? ನಾನು ಮೆಲ್ಲ ಮೆಲ್ಲ ಎಂದು ಇಳಿಸುತ್ತ ಬಂದೆ, ಅವರ ಕಿವಿ ಅದಕ್ಕೇ ಒಗ್ಗಿಕೊಂಡು ಮುಚ್ಚಿತೋ ಏನೋ. ಹೀಗೆಯೇ ಒಂದು ದಿನ ಆಚೆಗೆ ನಡೆದುಬಿಟ್ಟರೆ, ಕರೆಯಲು ನನ್ನ ಹತ್ತಿರ ಒಂದು ಫೋನು ಮಾತ್ರ ಇದ್ದರೆ?

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದದ್ದೂ ಗೊತ್ತಾಗಲಿಲ್ಲ.

ಮೂರನೆಯದು ಗಂಟಲಿನಿಂದ ಬರಲಿಲ್ಲ. ಹೊಟ್ಟೆಯ ಕೆಳಗಿನಿಂದ ಎದ್ದು, ಎದೆಯನ್ನು ತುಂಬಿ, ದಾರಿ ಗೊತ್ತಿರುವ ಹಾಗೆ ಹೊರಗೆ ಬಂತು. "ಓ..." ಎನ್ನುವುದೇ ಬಹಳ ಹೊತ್ತು ನಿಂತು, ಕಡೆಗೆ "ಚೆನ್ನೂ..." ಎಂದು ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೇರಿ ಬಿಟ್ಟುಹೋಯಿತು. ಬೋಟಿನ ಕಂಬಗಳ ಮೇಲೆ ಕೂತಿದ್ದ ಹದ್ದುಗಳು ಎದ್ದವು. ಯಾವುದೋ ಬೋಟಿನೊಳಗೆ ಬಲೆ ಹೊಲಿಯುತ್ತಿದ್ದವನು ಎದ್ದು ನಿಂತ. ಟಾರ್ಪಾಲಿನ ಕೆಳಗೆ ಶರೀಫಾ ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಆಚೆ ದಡದ ಯಾವುದೋ ಮನೆಯ ಹೆಂಗಸು, ತನ್ನನ್ನೇ ಕರೆದರೆಂದು, ಬಾಗಿಲಿಗೆ ಬಂದಳು.

ಚೌಕುಳಿ ಅಂಗಿ ತಿರುಗಿತು. ಕೊಡೆ ಮೇಲಕ್ಕೆ ಹೋಗಿ ಬಿಚ್ಚಿಕೊಂಡಿತು. ಹೊಳೆಯ ಆಚೆಯಿಂದ ದಪ್ಪ ಸ್ವರದ ಒಂದು "ಓಯ್..." ಬಂದು ಇವಳ ಕಾಲ ಬುಡದಲ್ಲಿ ನಿಂತಿತು.

ಮೆಲ್ವಿನ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿ ಕಿವಿ ಉಜ್ಜಿಕೊಳ್ಳುತ್ತಿದ್ದ. "ಜೋರು ಜೋರು ಅಂತ ಹೇಳಿದ್ದು ನನ್ನದೇ ತಪ್ಪು ಮಾರಾಯ್ರೆ," ಎಂದ. ಮನ್ವಿತಾ ಹತ್ತಿರ ಬಂದಳು. "ಮಾಮಿ, ಇದು ಅಜ್ಜಿ," ಎಂದಳು. "ನಾನು ಸಣ್ಣದಿರುವಾಗ ಕೇಳಿದ್ದೆ. ಮರೆತೇಹೋಗಿತ್ತು."

ಜಲಜಾಕ್ಷಿ ಬೋಟು ಕಟ್ಟುವ ಗೂಟದ ಮೇಲೆ ಕೂತುಬಿಟ್ಟಳು. ತಾಯಿ ಕೆಮ್ಮಿ ನಿಲ್ಲಿಸುತ್ತಿದ್ದ ಆ ಕೊನೆಯ ಹೆಸರಿನ ಜಾಗಕ್ಕೆ ಏನೋ ಒಂದು ಬಂದು ಕೂತ ಹಾಗೆ ಅವಳಿಗೆ ಅನಿಸಿತು. ಶರೀಫಾ ಕೊಟ್ಟ ಚಹಾ ಕುಡಿದಳು.

ಫೆರಿಯಲ್ಲಿ ಶೆಟ್ಟರು ವಾಪಸು ಬಂದರು. ಮಳೆ ಹನಿಯಲು ಸುರುವಾಗಿತ್ತು. ಅವರು ಕೊಡೆಯನ್ನು ಹೆಂಡತಿಯ ತಲೆಯ ಮೇಲೆ ಹಿಡಿದು, "ಚೆನ್ನು ಅಂತ ಅಲ್ಲಿ ಯಾರೂ ಸಿಗಲಿಲ್ಲ. ಹಾಗೆ ನಾನೇ ಬಂದೆ," ಎಂದರು.

"ಕೇಳಿತಾ?" ಎಂದಳು ಅವಳು, ಇನ್ನೂ ಪೂರ್ತಿ ನಂಬಿಕೆಯಾಗದೆ.

"ಕೇಳದೆ ಎಂತ? ಮೊದಲನೆಯದೇ ಕೇಳಿತ್ತು."

ಜಲಜಾಕ್ಷಿ ಅವರ ಮುಖ ನೋಡಿದಳು. "ಮತ್ತೆ ಯಾಕೆ ತಿರುಗಲಿಲ್ಲ?"

"ಒಳ್ಳೆ ಕಥೆ ನಿನ್ನದು ಜಲಜಾ. ಕಂತುವ ಹೊತ್ತು, ಹಿಂದಿನಿಂದ ಹೆಂಗಸಿನ ಸ್ವರ. ಒಂದೇ ಸಲಕ್ಕೆ ಯಾರಾದರೂ ಓಗೊಡ್ತಾರಾ? ನನ್ನ ತಾಯಿ ಎಷ್ಟು ಹೇಳಿದ್ದಾರೆ." ಶೆಟ್ಟರು ಗಂಭೀರ ಮುಖ ಮಾಡಿಕೊಂಡು ಹೇಳಿದರು. "ಎರಡನೆಯದು ಬಂದಾಗ ನೀನೇ ಇರಬೇಕು ಅಂತ ಗೊತ್ತಾಯ್ತು. ಕೊಡೆ ಸರಿಮಾಡಿಕೊಂಡೆ. ಆದರೂ ಲೆಕ್ಕ ಅಂದರೆ ಲೆಕ್ಕ, ಮೂರು ಆಗಬೇಕಲ್ಲ."

ಮನ್ವಿತಾ ನಗು ತಡೆಯಲಾರದೆ ಮೆಲ್ವಿನ್‌ನ ಪೆಟ್ಟಿಗೆಯ ಮೇಲೆ ತಲೆಯಿಟ್ಟಳು. ಜಲಜಾಕ್ಷಿಗೆ ಸಿಟ್ಟು ಬಂತು. ಮೊದಲನೆಯದಕ್ಕೇ ತಿರುಗಿದ್ದರೆ ತಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ ಎಂದು ಆಮೇಲೆ ಹೊಳೆಯಿತು. ಆ ಸೋತ ಸ್ವರವನ್ನೇ ಸಾಕೆಂದುಕೊಂಡು ಕಾರು ಹತ್ತುತ್ತಿದ್ದೆ. ಸಿಟ್ಟು ಹೋಗಲಿಲ್ಲ, ಆದರೆ ಕೊಡೆ ಹಿಡಿದ ಕೈಯನ್ನು ಅವಳು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು. ಅವರ ಬಲಹೆಗಲು ನೆನೆಯುತ್ತಿತ್ತು.

ಮರುದಿನ ಬೆಳಿಗ್ಗೆ ಕಾಫಿ ಸೋಸಿ ಎರಡು ಲೋಟಕ್ಕೆ ಹಾಕಿದ ಜಲಜಾಕ್ಷಿ, ರೂಢಿಯಂತೆ ಮೊಬೈಲು ಕೈಗೆತ್ತಿಕೊಂಡಳು. ಮತ್ತೆ ಅದನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕವುಚಿಟ್ಟಳು.

"ಕಾಫಿ ಆಯ್ತು," ಎಂದಳು. ಕೂಗಲಿಲ್ಲ. ಆದರೆ ಸ್ವರವನ್ನು ಇಳಿಸಲೂ ಇಲ್ಲ. ಪಕ್ಕದ ಮನೆಯ ನರ್ಸು ಒಂದು ದಿನ ಕ್ಷಮಿಸಲಿ.

ಹಾಲ್‌ನಲ್ಲಿ ಟಿವಿಯ ಸದ್ದು ತುಸು ಕಡಿಮೆಯಾಯಿತು. ಯಾರೂ ಏಳಲಿಲ್ಲ.

"ಕಾಫಿ ಆಯ್ತು ಅಂತ ಹೇಳಿದ್ದು."

ಟಿವಿ ಪೂರ್ತಿ ಬಾಯಿ ಮುಚ್ಚಿತು. ಕುರ್ಚಿ ಕಿರ್ ಎಂದು, ಅರ್ಧ ಎದ್ದವರು ಅಲ್ಲಿಯೇ ನಿಂತ ಹಾಗೆ ಕೇಳಿಸಿತು.

ಜಲಜಾಕ್ಷಿಗೆ ಗೊತ್ತಾಯಿತು. ಅವಳು ಕಟ್ಟೆಗೆ ಒರಗಿ, ತನ್ನ ಲೋಟವನ್ನು ಎತ್ತಿಕೊಂಡು ಒಂದು ಗುಟುಕು ಕುಡಿದಳು. ಕಿಟಕಿಯ ಹೊರಗೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಜಲಜಾ," ಎಂದು ಹಾಲ್‌ನಿಂದ ಸುಂದರ ಶೆಟ್ಟರು ಕರೆದರು. "ಮೂರನೆಯದು ಇನ್ನೂ ಬರಲಿಲ್ಲ."

"ಬರ್ತದೆ," ಎಂದಳು ಅವಳು. "ಸ್ವಲ್ಪ ನಿಲ್ಲಿ."